ಪದ್ಮಿನಿಗೆ ಮೀನೆಣ್ಣೆ

ಹೋದ ವರ್ಷದ ಹಳೆ ಕಾರುಗಳ ಮೆರವಣಿಗೆಯಲ್ಲಿ ಚನ್ನಕೇಶವ ಗೌಡರ ಪದ್ಮಿನಿಗೆ ಸಿಕ್ಕಿದ್ದು ಒಂದು ಚೀಟಿ ಮಾತ್ರ. ಕಾಫಿ ತೋಟದವರೇ ಸೇರಿಕೊಂಡು ಫೆಬ್ರವರಿಯಲ್ಲಿ ಚಿಕ್ಕಮಗಳೂರಿನಲ್ಲಿ ನಡೆಸುವ ಮೆರವಣಿಗೆ ಅದು. ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ, ಇನ್ನೂ ಮೀಸೆ ಬಲಿಯದವನು, ಕಿಟಕಿಯಿಂದ ತಲೆ ತೂರಿಸಿ ಡ್ಯಾಶ್‌ಬೋರ್ಡಿನ ಮೇಲೆ ಬೆರಳೆಳೆದ. ಬೆರಳಿಗೆ ಹತ್ತಿದ ಬೂದಿಯಂಥ ಪುಡಿಯನ್ನು ಗೌಡರ ಎದುರಿಗೇ ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟ: ‘ಹೊರಗೆ ಮದುಮಗಳು, ಒಳಗೆ ಅಜ್ಜಿ.’

ಆ ಚೀಟಿ ಗೌಡರ ಅಂಗಿ ಜೇಬಿನಲ್ಲಿ ಹತ್ತು ತಿಂಗಳು ಬೆವರು ಕುಡಿಯಿತು. ಗೋಣಿಬೀಡಿನ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಸೊಸೈಟಿಯ ಜಗಲಿಯಲ್ಲಿ ಅದನ್ನು ತೆಗೆದು ತೋರಿಸುತ್ತಿದ್ದರು. ಎಪ್ಪತ್ತೆಂಟನೇ ಇಸವಿಯಲ್ಲಿ ಕೊಂಡ ಗಾಡಿ. ಬಣ್ಣ ಹೊಳೆಯುತ್ತಿತ್ತು, ಇಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಒಳಗಿನ ಪ್ಲಾಸ್ಟಿಕ್ಕು ಮಾತ್ರ ಬಿಸಿಲಿಗೆ ಬೆಂದು ಬಿಳಿಚಿಕೊಂಡಿತ್ತು. ಡ್ಯಾಶ್‌ಬೋರ್ಡು, ಸ್ಟಿಯರಿಂಗು, ಬಾಗಿಲ ಒಳಪಟ್ಟಿ, ಗಾಜು ಇಳಿಸುವ ಹಿಡಿ, ಯಾವುದನ್ನು ಮುಟ್ಟಿದರೂ ಕೈಗೆ ಬೂದಿ.

ಸೊಸೆ ಗಗನಾಳಿಗೆ ಈ ಚೀಟಿಯ ಪುರಾಣ ಕೇಳಿ ಕೇಳಿ ಓಕರಿಕೆ ಹಿಡಿದಿತ್ತು. ಕಳಸದಿಂದ ಈ ಮನೆಗೆ ಬಂದು ಹದಿನಾರು ವರ್ಷ. ಬಿ.ಎಸ್ಸಿ. ಓದಿದವಳು. ಈ ಮನೆಯಲ್ಲಿ ಹಣ್ಣು, ದೋರುಗಾಯಿ, ಹಸಿಗಾಯಿ ಎಲ್ಲವನ್ನೂ ಒಂದೇ ಕೈಯಲ್ಲಿ ಸವರಿ, ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ, ಚೆರ್ರಿ ಮಾಡಿ ಏಜೆಂಟನಿಗೆ ಹಾಕುವುದು ಮೂರು ತಲೆಮಾರಿನ ಪದ್ಧತಿ. ಹಣ್ಣನ್ನಷ್ಟೇ ಆರಿಸಿ ಕೊಯ್ದು, ಸಿಪ್ಪೆ ಬಿಡಿಸಿ, ತೊಳೆದು ಪಾರ್ಚ್‌ಮೆಂಟ್ ಮಾಡೋಣ ಎಂದು ಅವಳು ಹೇಳುತ್ತಲೇ ಬಂದಿದ್ದಳು. ಈ ಡಿಸೆಂಬರಿನಲ್ಲಿ, ಬೆಳಗಿನ ಕಡುಬಿನ ಹೊತ್ತಿಗೆ, ಗೌಡರು ಇದ್ದಕ್ಕಿದ್ದಂತೆ ಒಪ್ಪಿದರು.

“ಮೇಲಿನ ಬ್ಲಾಕು ಎರಡೆಕರೆ ತಗೋ. ನಿನ್ನ ಪಾರ್ಚ್‌ಮೆಂಟು ಅದೇನು ಕಡಿದು ಗುಡ್ಡೆ ಹಾಕುತ್ತೋ ನೋಡಾಣ. ಚಿಕ್ಕಮಗಳೂರಲ್ಲಿ ಕುಡಿದು ನೋಡಿ ಪಾಸು ಮಾಡಿದ್ರೆ ಮುಂದಿನ ಫಸಲು ಪೂರ್ತಿ ನಿನ್ನ ಕೈಗೆ. ಫೇಲಾದ್ರೆ ಈ ಮಾತು ಇನ್ನು ಎತ್ತೋ ಹಾಗಿಲ್ಲ.”

“ಎಲ್ಲರ ಎದುರಿಗೂ ಹೇಳ್ತಿದೀರಿ ಮಾವ. ಮರೀಬಾರ್ದು.”

“ನನ್ನ ಹೆಸರು ಚನ್ನಕೇಶವ. ಬೇಲೂರಲ್ಲಿ ನಿಂತಿರೋನ ಹೆಸರು. ಕಲ್ಲಿನಂಥ ಮಾತು.”

“ಕಲ್ಲು ಮಾತಾಡಲ್ಲ ಅಜ್ಜ,” ಎಂದಳು ಮೊಮ್ಮಗಳು ಕವನಾ. ಅವಳಿಗೆ ಹದಿನೈದು, ಎಸ್ಸೆಸ್ಸೆಲ್ಸಿ.

“ನೀನು ತಿನ್ನು.”

ಗಗನಾಳ ಗಂಡ ಶಶಿಧರ್ ಕಡುಬಿಗೆ ಕೋಳಿಸಾರು ಹಾಕಿಕೊಳ್ಳುತ್ತ ಅಪ್ಪನ ಕಡೆ ತಿರುಗಿ “ಸರಿ ಅಪ್ಪ” ಎಂದ, ಹೆಂಡತಿಯ ಕಡೆ ತಿರುಗಿ “ಒಳ್ಳೇದಾಯ್ತು ಮಾರಾಯ್ತಿ” ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನಿಗೆ ಹದಿನಾರು ವರ್ಷದ ಅನುಭವ. ಅವನ ತಾಯಿ ತುಂಗಮ್ಮ ಒಲೆಯ ಮುಂದಿನಿಂದಲೇ ಮಂಗಳ ಹಾಡಿದರು: “ಇವರದ್ದು ಕಾರು, ಅವಳದ್ದು ಕಾರುಬಾರು. ಮಧ್ಯೆ ಖಾರ ಅರೆಯೋಕೆ ನಾನು.”

ಗಗನಾ ಆ ತಿಂಗಳು ಮನುಷ್ಯರ ಹಾಗೆ ಕೂತು ಊಟ ಮಾಡಲಿಲ್ಲ. ಆಳುಗಳ ಹಿಂದೆ ನಿಂತು ಹಸಿಗಾಯಿ ಬಿದ್ದ ಬುಟ್ಟಿಯನ್ನು ಸುರಿಸಿ ಆರಿಸಿದಳು. ಬಾಡಿಗೆಗೆ ತಂದ ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿ ಹುಳಿ ಬರಿಸಿ, ಕೈ ಬೆರಳು ಸುಕ್ಕಾಗುವವರೆಗೆ ತೊಳೆದಳು. ಹಲ್ಲಲ್ಲಿ ಕಚ್ಚಿದರೆ ಕಟ್ ಎನ್ನುವ ಹದಕ್ಕೆ ಒಣಗಿಸಿ, ಜನವರಿ ಮೊದಲ ವಾರ ಹೊಸ ಗೋಣಿಚೀಲಗಳಲ್ಲಿ ತುಂಬಿದಾಗ ಹನ್ನೊಂದು ಮೂಟೆಯಾಯಿತು. ಅಡುಗೆಮನೆಯ ಆಚೆಗಿನ ಗೋಡೌನು ಹಲಗೆ ನೆಲದ್ದು, ಕಿಟಕಿಗೆ ಸೊಳ್ಳೆ ಪರದೆಯ ಬಲೆ, ಇಡೀ ಮನೆಯಲ್ಲಿ ಅತಿ ಒಣಗಿದ ಜಾಗ. ಮೂಟೆಗಳನ್ನು ಅಲ್ಲಿ ಪೇರಿಸಿ, ಬೀಗ ಹಾಕಿ, ಎಲ್ಲರನ್ನೂ ಕರೆದು ಹೇಳಿದಳು.

“ಕಾಫಿಗೆ ನಮಗಿಂತ ದೊಡ್ಡ ಮೂಗು. ಪಕ್ಕದಲ್ಲಿ ಈರುಳ್ಳಿ ಇಟ್ರೂ ಎಳ್ಕೊಳ್ಳುತ್ತೆ. ಮೂರು ವಾರ ಯಾರೂ ಬಾಗಿಲು ತೆಗೀಬಾರ್ದು. ನಾನೂ ತೆಗೆಯಲ್ಲ.”

“ಸ್ನಾನ ಮಾಡಿ ಹೋದ್ರೂ ಬೇಡ್ವಾ?” ಎಂದರು ತುಂಗಮ್ಮ.

“ಬೇಡ ಅತ್ತೆ.”

“ಹಾಗಾದ್ರೆ ಮಡಿ ಕಾಫಿ ಅನ್ನು.”

ಇನ್ನೊಂದು ಕೀಲಿ ತುಂಗಮ್ಮನವರ ಸೊಂಟದ ಗೊಂಚಲಿನಲ್ಲಿತ್ತು. ಅದು ಗಗನಾಳಿಗೂ ಗೊತ್ತಿತ್ತು. ಅತ್ತೆಯ ಗೊಂಚಲಿನಿಂದ ಕೀಲಿ ಬಿಚ್ಚಿಸಿಕೊಳ್ಳುವಷ್ಟು ಧೈರ್ಯ ಈ ಮನೆಯ ಯಾವ ಸೊಸೆಗೂ ಇರಲಿಲ್ಲ.

ಆ ಕಡೆ ಕಾರು ಶೆಡ್ಡಿನಲ್ಲಿ ಗೌಡರ ಆಸ್ಪತ್ರೆ ತೆರೆದಿತ್ತು. ಮೊದಲು ಮೂಡಿಗೆರೆಯಲ್ಲಿ ಸೀಟು ಹೊಲಿಯುವ ಶಂಕರನನ್ನು ಕರೆಸಿದರು. ಅವನು ಮೂಗಿನ ಮೇಲೆ ಕನ್ನಡಕ ಜಾರಿಸಿಕೊಂಡು ನೋಡಿ ಹೇಳಿದ.

“ಸೋಪು ನೀರಲ್ಲಿ, ಮೆತ್ತಗಿನ ಬ್ರಷ್ಷಲ್ಲಿ ತೊಳೀರಿ ಗೌಡ್ರೆ. ನೆರಳಲ್ಲಿ ಆರಿಸಿ. ಆಮೇಲೆ ನಾನು ಪ್ಲಾಸ್ಟಿಕ್ಕಿಗೇ ಅಂತ ಬರೋ ಬಣ್ಣ ತೆಳ್ಳಗೆ ಹೊಡೀತೀನಿ. ಎರಡು ದಿನದ ಕೆಲಸ.”

“ಬಣ್ಣ ಹೊಡೆದ್ರೆ ಒರಿಜಿನಲ್ ಹೋಯ್ತಲ್ಲ ಮಾರಾಯ. ಎಣ್ಣೆ ಕುಡಿಸಿದ್ರೆ?”

“ಪ್ಲಾಸ್ಟಿಕ್ಕು ಎಣ್ಣೆ ಕುಡಿಯಲ್ಲ ಗೌಡ್ರೆ. ಮೇಲೇ ನಿಂತ್ಕೊಳ್ಳುತ್ತೆ, ಧೂಳು ಕರೀತದೆ.”

“ನಮ್ಮ ಮನೆ ಕಂಬ ನೋಡು. ನೂರು ವರ್ಷದಿಂದ ಮೀನೆಣ್ಣೆ ಕುಡಿದು ಹೇಗೆ ನಿಂತಿದಾವೆ.”

“ಅದು ಮರ.”

“ಮರ ಕುಡಿಯೋದು ಪ್ಲಾಸ್ಟಿಕ್ಕಿಗೆ ಯಾಕೆ ಬೇಡ? ಅದೂ ಒಣಗಿದೆ, ಇದೂ ಒಣಗಿದೆ.”

ಶಂಕರ ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಬಸ್ಸಿಗೆ ಹೋದ. ಗೌಡರು ಮೀನೆಣ್ಣೆಗೆ ನೇರವಾಗಿ ಇಳಿಯಲಿಲ್ಲ; ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಮೊದಲು ತುಂಗಮ್ಮನವರ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಒಂದು ದಿನ ಡ್ಯಾಶ್‌ಬೋರ್ಡು ಹೊಳೆಯಿತು, ಮಾರನೇ ದಿನ ಇರುವೆ ಸಾಲು ಸ್ಪೀಡೋಮೀಟರಿನ ಒಳಗೆ ಸಂಸಾರ ಹೂಡಿತು. ಆಮೇಲೆ ಕಪ್ಪು ಬೂಟ್ ಪಾಲಿಶ್. ಅದು ಬಾಗಿಲಿಗೆ ಒರಗಿದ ಶಶಿಧರನ ಬಿಳಿ ಪಂಚೆಗೆ ಹತ್ತಿತು, ಪಂಚೆಯಿಂದ ಸೋಫಾಕ್ಕೆ ಹತ್ತಿತು, ಸೋಫಾದಿಂದ ಗಗನಾಳ ಸೀರೆಗೆ ಹತ್ತಿತು. ಕೊನೆಗೆ ಮಂಗಳೂರು ಕಡೆಯಿಂದ ಡಬ್ಬದಲ್ಲಿ ಬಂದ ಮೀನೆಣ್ಣೆ. ಅದಕ್ಕೆ ಬೂಟ್ ಪಾಲಿಶ್ ಕರಗಿಸಿ, ಹಳೇ ಬನಿಯನ್ನಿನ ತುಂಡಿನಲ್ಲಿ ಉಜ್ಜಿದಾಗ ಪ್ಲಾಸ್ಟಿಕ್ಕು ಕೋಣದ ಬೆನ್ನಿನ ಹಾಗೆ ಕಪ್ಪಗೆ ಮಿಂಚಿತು.

“ನೋಡು, ನೋಡು,” ಎಂದರು ಗೌಡರು ಸೊಸೆಯನ್ನು ಶೆಡ್ಡಿಗೆ ಕರೆದು. “ಅಜ್ಜಿ ಎಲ್ಲಿ ಹೋದ್ಲು?”

ಗಗನಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಡ್ಯಾಶ್‌ಬೋರ್ಡಿನ ಮೇಲೆ ಏಳೆಂಟು ನೊಣಗಳು ಅಂಟಿಕೊಂಡು ಕಾಲು ಕೀಳಲಾರದೆ ಒದ್ದಾಡುತ್ತಿದ್ದವು. ಮನೆಯ ಬೆಕ್ಕು ಡ್ರೈವರ್ ಸೀಟಿನಲ್ಲಿ ನಿಂತು, ಕಣ್ಣು ಮುಚ್ಚಿ, ಸ್ಟಿಯರಿಂಗನ್ನು ನೆಕ್ಕುತ್ತಿತ್ತು. ನೆಕ್ಕಿದಲ್ಲೆಲ್ಲ ಬೂದಿ ಮತ್ತೆ ಎದ್ದಿತ್ತು.

“ಶಾಸ್ತ್ರದಲ್ಲಿ ಪದ್ಮಿನಿ ಜಾತಿ ಹೆಣ್ಣಿನ ಮೈಯಿಂದ ತಾವರೆ ಪರಿಮಳ ಬರುತ್ತಂತೆ ಮಾವ,” ಎಂದಳು. “ಇವಳದ್ದು ಬೂತಾಯಿ ಮೀನಿಂದು.”

“ನಾಲ್ಕು ಕೋಟು ಒಣಗಿದ್ರೆ ವಾಸನೆ ಹೋಗುತ್ತೆ.”

“ಇದರಲ್ಲಿ ಕೂತು ಯಾರು ಹೋಗ್ತಾರೆ?”

“ಇದು ಕೂತು ಹೋಗೋ ಕಾರಲ್ಲ. ನೋಡೋ ಕಾರು.”

ಅಷ್ಟಕ್ಕೆ ಅವಳು ತಿರುಗಿ ಬಂದಳು. ಬೆಕ್ಕು ಹಾಲು ಕುಡಿಯುವ ತಟ್ಟೆಯನ್ನು ಅಂದಿನಿಂದ ಬೇರೆ ಮೂಲೆಗೆ ಇಟ್ಟಳು. ಶೆಡ್ಡಿನ ಕಡೆಗೆ ಮತ್ತೆ ಹೋಗಲಿಲ್ಲ.

ಹೋಗಿದ್ದರೆ ಕಾಣುತ್ತಿತ್ತು. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ಕು ಮತ್ತೆ ಬಿಳಿಚುತ್ತದೆ, ಶೆಡ್ಡಿನಲ್ಲಿಟ್ಟರೆ ನೊಣ ಕೂರುತ್ತದೆ, ಬೆಕ್ಕು ನೆಕ್ಕುತ್ತದೆ. ನೆರಳಿರಬೇಕು, ಒಣಗಿರಬೇಕು, ನೊಣ ಬರಬಾರದು. ಅಂಥ ಜಾಗ ಮನೆಯಲ್ಲಿ ಒಂದೇ ಇತ್ತು.

ಮೂರನೇ ವಾರದ ಹೊತ್ತಿಗೆ ಅಡುಗೆಮನೆಯ ಪಕ್ಕದ ಓಣಿಯಲ್ಲಿ ವಾಸನೆ ಶುರುವಾಯಿತು. ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುವಾಗ ಮೂಗಿಗೆ ಬಡಿದರೆ ರೊಟ್ಟಿ ತಿನ್ನುವಾಗಲೂ ಅಲ್ಲೇ ಇರುತ್ತಿತ್ತು. ಗಗನಾ ಒಲೆಯ ಮೇಲಿನ ಅಟ್ಟದ ಕಡೆ ನೋಡಿದಳು. ಅಲ್ಲಿ ತುಂಗಮ್ಮನವರ ಒಣಮೀನಿನ ಬುಟ್ಟಿ ತೂಗುತ್ತಿತ್ತು. ಮೀನಿಲ್ಲದ ಹುರುಳಿಸಾರು ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಅತ್ತೆ, ಆ ಬುಟ್ಟಿ ಆಚೆ ಸೌದೆ ಕೊಟ್ಟಿಗೇಲಿ ಇಡಾಣ. ಗೋಡೌನಿಗೆ ಒಂದೇ ಗೋಡೆ ಅಡ್ಡ.”

“ಐವತ್ತು ವರ್ಷದಿಂದ ಅಲ್ಲೇ ಇದೆ.”

“ಐವತ್ತು ವರ್ಷದಿಂದ ಗೋಡೆ ಆಚೆಗೆ ಪಾರ್ಚ್‌ಮೆಂಟು ಇರ್ಲಿಲ್ಲ.”

“ನನ್ನ ಮೀನು ಯಾವತ್ತೂ ಹೀಗೆ ನಾತ ಹೊಡೆದಿಲ್ಲ.”

“ಹಾಗಾದ್ರೆ ಯಾರ ಮೀನು ಇದು?”

ತುಂಗಮ್ಮ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಆಮೇಲೆ ಎದ್ದು, ಸ್ಟೂಲು ಹತ್ತಿ, ಬುಟ್ಟಿ ಇಳಿಸಿ, ಹಿತ್ತಲಿಗೆ ಒಯ್ದು ನಾಯಿಗಳಿಗೆ ಸುರಿದುಬಿಟ್ಟರು. ಅವತ್ತಿನಿಂದ ಊಟಕ್ಕೆ ಬೇರೆ ಕೂತರು. ಗಂಜಿ, ಉಪ್ಪಿನಕಾಯಿ. ಸೊಸೆ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ.

“ಅಜ್ಜಿ ಸತ್ಯಾಗ್ರಹ,” ಎಂದು ಕವನಾ ಅಜ್ಜಿಯ ಹಾಗೇ ತುಟಿ ಬಿಗಿದು, ಎಡಗೈ ಸೊಂಟಕ್ಕಿಟ್ಟು ತೋರಿಸಿದಳು.

“ಸುಮ್ನಿರೆ,” ಎಂದ ಶಶಿಧರ್. ಹೆಂಡತಿಯ ಕಡೆ ತಿರುಗಿ, “ನೀನು ಸ್ವಲ್ಪ ಜೋರಾದೆ,” ಎಂದ. ಒಳಗೆ ಹೋಗಿ ತಾಯಿಗೆ, “ನೀವು ಸ್ವಲ್ಪ ಹಠ ಮಾಡ್ತೀರಿ,” ಎಂದ. ಎರಡೂ ಕಡೆ ಬೈಸಿಕೊಂಡು ತೋಟಕ್ಕೆ ಹೋದ.

ವಿಚಿತ್ರವೆಂದರೆ, ಒಣಮೀನು ಹೋಗಿ ಐದು ದಿನವಾದರೂ ವಾಸನೆ ಹೋಗಲಿಲ್ಲ.

ಫೆಬ್ರವರಿ ಒಂದಕ್ಕೆ ಸ್ಯಾಂಪಲ್ ತೆಗೆಯುವ ದಿನ. ಕಣದ ಕೆಲಸ ನೋಡುವ ದಾಸಯ್ಯನನ್ನು ಕರೆದುಕೊಂಡು ಗಗನಾ ಗೋಡೌನಿನ ಬೀಗ ತೆಗೆದಳು. ಬಾಗಿಲು ತೆರೆದದ್ದೇ, ಬಿಸಿಲಿಗೆ ಕಾದು ಕೊಳೆತ ಮೀನುಬುಟ್ಟಿಯನ್ನು ಯಾರೋ ಮುಖಕ್ಕೆ ಮುಚ್ಚಿದ ಹಾಗಾಯಿತು. ದಾಸಯ್ಯ ಎರಡು ಹೆಜ್ಜೆ ಹಿಂದೆ ಸರಿದ.

“ಅಮ್ಮ, ಒಳಗೆ ಏನೋ ಸತ್ತದೆ.”

ಸತ್ತದ್ದಲ್ಲ, ತೂಗಿದ್ದು. ತೊಲೆಗೆ ತೆಂಗಿನ ಹುರಿಹಗ್ಗ ಕಟ್ಟಿ, ಪದ್ಮಿನಿಯ ಡ್ಯಾಶ್‌ಬೋರ್ಡನ್ನು ಸುಲಿದ ಹಂದಿಯ ಹಾಗೆ ನೇತು ಹಾಕಿದ್ದರು. ಅದರ ಎರಡೂ ಬದಿಗೆ ಬಾಗಿಲ ಪಟ್ಟಿಗಳು, ಸ್ಟಿಯರಿಂಗು, ಗಾಜಿನ ಹಿಡಿಗಳು. ಎಲ್ಲದರ ತುದಿಯಲ್ಲೂ ಕಪ್ಪು ಹನಿ ಕಟ್ಟಿ, ಜೇನಿನಂತೆ ಎಳೆಯೆಳೆಯಾಗಿ ಇಳಿದು, ಕೆಳಗಿನ ಮೂಟೆಗಳ ಮೇಲೆ ಬಿದ್ದಿತ್ತು. ಮೇಲಿನ ನಾಲ್ಕು ಗೋಣಿಚೀಲ ಅಂಗೈಯಗಲ ಅಂಗೈಯಗಲ ನೆನೆದಿದ್ದವು. ಗಗನಾ ಒಂದನ್ನು ಮುಟ್ಟಿದಳು. ಬೆರಳು ಅಂಟಿತು. ಅವಳಿಗೆ ಅಳು ಬರಲಿಲ್ಲ, ವಾಕರಿಕೆ ಬಂತು. ಹೊಸ್ತಿಲಿಗೆ ಬಂದು ಕೈಯನ್ನು ಮೈಯಿಂದ ದೂರ ಹಿಡಿದು ನಿಂತಳು.

ಗೌಡರು ಜಗಲಿಯಲ್ಲಿ ಪೇಪರು ಓದುತ್ತಿದ್ದರು.

“ಮಾವ, ಗೋಡೌನಲ್ಲಿ ಅದೇನು ನೇತು ಹಾಕಿದೀರಿ?”

“ಓ, ತೆಗೆದ್ಯಾ? ಇನ್ನೊಂದು ವಾರ ಬೇಕಿತ್ತು ಒಣಗೋಕೆ.”

“ನಾನು ಏನು ಹೇಳಿದ್ದೆ?”

“ಈರುಳ್ಳಿ ಇಡ್ಬೇಡಿ ಅಂದಿದ್ದೆ. ಈರುಳ್ಳಿ ಯಾರಿಟ್ರು?”

“ಮೂಟೆ ಮೇಲೆಲ್ಲ ತೊಟ್ಟಿಕ್ಕಿದೆ.”

“ನಾಲ್ಕು ಹನಿ. ಗೋಣಿ ಮೇಲೆ ತಾನೆ? ಗೋಣಿ ಯಾರೂ ಕುಡಿಯಲ್ಲ.”

“ಕೀಲಿ ಯಾರು ಕೊಟ್ರು?”

ಗೌಡರು ಪೇಪರು ಮಡಚಲಿಲ್ಲ, ಮುಖದ ಮಟ್ಟಕ್ಕೆ ಏರಿಸಿದರು. ಬಾಗಿಲ ಮರೆಯಿಂದ ತುಂಗಮ್ಮ ಬಂದರು. ಒಂದು ವಾರದಲ್ಲಿ ಸೊಸೆಯ ಜೊತೆ ಆಡಿದ ಮೊದಲ ಮಾತು ಅದು.

“ನಾನೇ ಕೊಟ್ಟೆ. ಹೇಳ್ಬೇಡ ಅಂದ್ರು, ಹೇಳ್ಲಿಲ್ಲ. ನೀನು ನನ್ನ ಮೀನಿಗೆ ಬೈದಾಗ ಬಾಯಿ ತುದೀಗೆ ಬಂದಿತ್ತು. ಗಂಡಂಗೆ ಕೊಟ್ಟ ಮಾತು ಅಂತ ನುಂಗ್ಕೊಂಡೆ. ನಿನ್ನ ಮೂಟೆನೂ ಹೋಯ್ತು, ನನ್ನ ಮೀನೂ ನಾಯಿ ಪಾಲಾಯ್ತು.”

“ತಪ್ಪಾಯ್ತು ಅತ್ತೆ,” ಎಂದಳು ಗಗನಾ.

“ನಿಂದಲ್ಲ. ಆದ್ರೂ ನೀನಾದ್ರೂ ಅಂದ್ಯಲ್ಲ.”

ಪೇಪರಿನ ಆ ಕಡೆ ಹಾಳೆ ತಿರುವಿದ ಸದ್ದು ಬಂತು.

ಮೂರು ದಿನ ಅತ್ತೆ, ಸೊಸೆ, ದಾಸಯ್ಯ ಸೇರಿ ಹನ್ನೊಂದು ಮೂಟೆಯನ್ನೂ ಸುರಿದು, ಎಣ್ಣೆ ಹತ್ತಿದ ಕಾಳನ್ನೆಲ್ಲ ಬೊಗಸೆ ಬೊಗಸೆಯಾಗಿ ಆರಿಸಿ ತೆಗೆದು, ಉಳಿದದ್ದನ್ನು ಕಣದಲ್ಲಿ ತಿರುವಿ ತಿರುವಿ ಗಾಳಿಗೆ ಬಿಟ್ಟರು. ಗಗನಾ ಕ್ಷಣಕ್ಕೊಮ್ಮೆ ಒಂದು ಹಿಡಿ ಎತ್ತಿ ಮೂಸುತ್ತಿದ್ದಳು. ಒಮ್ಮೆ ಏನೂ ಇಲ್ಲ ಅನ್ನಿಸುತ್ತಿತ್ತು, ಇನ್ನೊಮ್ಮೆ ಮೀನಷ್ಟೇ ಅನ್ನಿಸುತ್ತಿತ್ತು.

“ನೀವು ಮೂಸಿ ಅತ್ತೆ.”

“ನನ್ನ ಮೂಗು ನಂಬಬೇಡ. ನಂಗೆ ಮೀನು ಅಂದ್ರೆ ಇಷ್ಟ.”

ಶನಿವಾರ ಚಿಕ್ಕಮಗಳೂರಿನಲ್ಲಿ ಸ್ಯಾಂಪಲ್ ಕುಡಿದು ನೋಡುವುದು, ಭಾನುವಾರ ಅಲ್ಲೇ ಕಾರು ಮೆರವಣಿಗೆ. ಗೌಡರು ಪದ್ಮಿನಿಯನ್ನು ಮತ್ತೆ ಜೋಡಿಸಿ, “ಒಂದೇ ದಾರಿ, ಬಾ,” ಎಂದರು. ಜೀಪನ್ನು ಶಶಿಧರ್ ಗೊಬ್ಬರಕ್ಕೆ ಒಯ್ದಿದ್ದ. ಬಸ್ಸಿನಲ್ಲಿ ಹೋದರೆ ಹೊತ್ತಾಗುತ್ತಿತ್ತು. ಗಗನಾ ಸ್ಯಾಂಪಲ್ಲನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಕಟ್ಟಿ, ಸ್ಟೀಲು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟು ಹತ್ತಿದಳು. ಹತ್ತು ಗಂಟೆಯ ಬಿಸಿಲಿಗೆ ಡ್ಯಾಶ್‌ಬೋರ್ಡು ಕಾಯಿತು. ಕಾದ ಡ್ಯಾಶ್‌ಬೋರ್ಡು ಬೆವರಿತು. ಗೌಡರ ಎರಡೂ ಅಂಗೈ ಸ್ಟಿಯರಿಂಗಿಗೆ ಹತ್ತಿ, ತಿರುವಿನಲ್ಲೆಲ್ಲ ಹಸಿ ಚರ್ಮ ಕಿತ್ತ ಹಾಗೆ ಪಚಕ್ ಪಚಕ್ ಎನ್ನುತ್ತಿತ್ತು. ಗಗನಾ ಗಾಜು ಇಳಿಸಲು ಹಿಡಿ ಮುಟ್ಟಿದಳು, ಕೈ ಹಿಂತೆಗೆದಳು, ಮತ್ತೆ ಮುಟ್ಟಲೇಬೇಕಾಯಿತು. ದಾರಿಯಲ್ಲಿ ಎರಡು ಸಲ ಇಳಿದು ವಾಂತಿ ಮಾಡಿದಳು.

“ಗಾಟ್ ಸೆಕ್ಷನ್ನು. ಕೆಲವರಿಗೆ ಆಗಲ್ಲ,” ಎಂದರು ಗೌಡರು.

“ಇಲ್ಲಿ ಎಲ್ಲಿದೆ ಮಾವ ಗಾಟು?”

ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನ ಹಿಂದಿನ ಸಣ್ಣ ಕೋಣೆಯಲ್ಲಿ ರುಚಿ ನೋಡುವ ಓಂಕಾರಪ್ಪನವರು ಕೂತಿದ್ದರು. ತೆಳ್ಳಗಿನ ಮನುಷ್ಯ, ತುಟಿ ಮಾತ್ರ ದಪ್ಪ. ಅಡಕೆ ಇಲ್ಲ, ಬೀಡಿ ಇಲ್ಲ, ಈರುಳ್ಳಿ ಇಲ್ಲ. ನಾಲಿಗೆಯನ್ನೇ ದುಡಿಸಿ ಮನೆ ನಡೆಸುವವರು. ಅವರ ಕೈಕೆಳಗಿನ ಹುಡುಗಿ ಸ್ಯಾಂಪಲ್ಲಿನ ಸಿಪ್ಪೆ ತೆಗೆದು, ಹದವಾಗಿ ಹುರಿದು, ಪುಡಿ ಮಾಡಿ, ಐದು ಬಿಳಿ ಕಪ್ಪುಗಳಿಗೆ ಹಾಕಿ ಬಿಸಿನೀರು ಸುರಿದಳು. ಓಂಕಾರಪ್ಪ ಚಮಚದಲ್ಲಿ ಎತ್ತಿ, ಓಣಿಯ ಆ ತುದಿಗೂ ಕೇಳುವ ಹಾಗೆ ಸುರ್ರ್ ಎಂದು ಎಳೆದು, ಬಾಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗಿದರು. ಎರಡನೇ ಕಪ್ಪು, ಸುರ್ರ್, ಥುಪ್. ಮೂರನೆಯದು. ಗಗನಾ ಉಸಿರು ಹಿಡಿದು ನೋಡುತ್ತಿದ್ದಳು. ಒಳ್ಳೆಯ ಕಾಫಿಯನ್ನೂ ಉಗಿಯುತ್ತಾರೆ, ಕೆಟ್ಟದ್ದನ್ನೂ ಉಗಿಯುತ್ತಾರೆ. ಅವರ ಮುಖ ನೋಡಿ ಏನನ್ನೂ ಹೇಳುವ ಹಾಗಿರಲಿಲ್ಲ.

ಐದೂ ಮುಗಿಸಿ ಅವರು ಬಾಯಿ ತೊಳೆದುಕೊಂಡು ಬಂದರು. ಹಿಂದೆ ಯಾರ ಕಾಫಿಗೂ ಅವರು ಬಾಯಿ ತೊಳೆದುಕೊಂಡವರಲ್ಲವೆಂದು ಆ ಹುಡುಗಿಯ ಮುಖದಿಂದಲೇ ತಿಳಿಯುತ್ತಿತ್ತು.

“ಅಮ್ಮ, ನಿಮ್ಮ ತೋಟ ಎಲ್ಲಿ?”

“ಗೋಣಿಬೀಡು ಸಾರ್.”

“ಮತ್ತೆ ಇದರೊಳಗೆ ಮಲ್ಪೆ ಹೇಗೆ ಬಂತು?”

ಗಗನಾ ಮಾವನ ಕಡೆ ನೋಡಿದಳು. ಓಂಕಾರಪ್ಪ ಚಮಚವನ್ನು ಮೇಜಿನ ಮೇಲಿಟ್ಟರು.

“ಕೊಯ್ದ ಕೈಗೆ ಹೆಸರಿಡೋ ಹಾಗಿಲ್ಲ. ತೊಳೆದಿರೋದು, ಒಣಗಿಸಿರೋದು, ಎಲ್ಲ ಚೊಕ್ಕ. ಅದರ ಮೇಲೆ ಯಾರೋ ದೋಣಿ ತೊಳೆದಿದಾರೆ. ಇದನ್ನ ನಾನು ಪಾಸು ಮಾಡಕ್ಕಾಗಲ್ಲ.”

“ಎಲ್ಲಿ, ಕೊಡಿ ಇಲ್ಲಿ,” ಎಂದರು ಗೌಡರು. ಚಮಚ ಬೇಡವೆಂದು ಕಪ್ಪನ್ನೇ ಎತ್ತಿ ಗಟಗಟ ಕುಡಿದರು. ಕಣ್ಣಲ್ಲಿ ನೀರಾಡಿತು. ಉಗಿಯುವ ಪಾತ್ರೆಯನ್ನು ಓಂಕಾರಪ್ಪ ಮುಂದೆ ಸರಿಸಿದರೂ ಗೌಡರು ಉಗಿಯಲಿಲ್ಲ, ನುಂಗಿದರು. “ಚೆನ್ನಾಗೇ ಇದೆಯಲ್ಲ. ನಿಮಗೆ ನೆಗಡಿ ಇರ್ಬೇಕು.”

ವಾಪಸು ಕಾರಿನ ಹತ್ತಿರ ಬಂದಾಗ ಗೌಡರು ಬಾಗಿಲು ತೆರೆಯುತ್ತ ಹೇಳಿದರು: “ಫೇಲು ಅಂದ್ರೆ ಫೇಲು. ಎಲ್ಲರ ಎದುರಿಗೆ ಆಡಿದ ಮಾತು.”

“ನಿಮಗೆ ಚೆನ್ನಾಗಿತ್ತು ಅಂದ್ರಲ್ಲ ಮಾವ?”

“ನನ್ನ ನಾಲಿಗೆಗೆ ಏನೂ ಗೊತ್ತಾಗ್ಲಿಲ್ಲ. ಆದ್ರೆ ಪಾಸು ಮಾಡೋನು ಅವನು, ನಾನಲ್ಲ.”

“ಸರಿ,” ಎಂದಳು ಗಗನಾ. ಅವಳು ಬಸ್ಸಿಗೆ ಹೋದಳು.

ಭಾನುವಾರ ಗೌಡರು ನಾಲ್ಕೂ ಗಾಜು ಏರಿಸಿ, ಬಾಗಿಲು ಲಾಕು ಮಾಡಿ, ಪದ್ಮಿನಿಯ ಪಕ್ಕ ನಿಂತರು. ಈ ವರ್ಷದ ತೀರ್ಪುಗಾರ ಹೊರಗಿನಿಂದಲೇ ಬಗ್ಗಿ ನೋಡಿ, ಕಪ್ಪಗೆ ಮಿಂಚುವ ಡ್ಯಾಶ್‌ಬೋರ್ಡಿಗೆ ತಲೆದೂಗಿದ. ಒಳಾಂಗಣಕ್ಕೆ ಮೊದಲ ಬಹುಮಾನ, ಒಂದೂವರೆ ಅಡಿಯ ಕಪ್. ಮನೆಗೆ ಬ್ಯಾಂಡಿಲ್ಲದ ಮೆರವಣಿಗೆಯಲ್ಲಿ ಬಂತು.

“ಅಜ್ಜನಿಗೆ ಒಂದು ಕಪ್ ಬಂತು, ಅಮ್ಮನಿಗೆ ಐದು ಕಪ್ ಹೋಯ್ತು,” ಎಂದಳು ಕವನಾ.

ಹತ್ತು ಮೂಟೆಯನ್ನು ಏಜೆಂಟ ಮೂಗು ಹಿಡಿದುಕೊಂಡೇ ಹೊತ್ತು ಹೋದ. ಹನ್ನೊಂದನೆಯದನ್ನು ಗಗನಾ ಮನೆಗೆ ಇಟ್ಟುಕೊಂಡಳು. ಮೂಡಿಗೆರೆಯ ಪುಡಿ ಮಿಲ್ಲಿನವನು ಹುರಿದುಕೊಟ್ಟು, ಡ್ರಮ್ಮು ಮೂರು ಸಲ ತೊಳೆಯಬೇಕಾಯಿತೆಂದು ದಾಸಯ್ಯನ ಹತ್ತಿರ ಬೈದು ಕಳಿಸಿದ್ದ. ಮಾರನೇ ಬೆಳಿಗ್ಗೆ ನೀರುದೋಸೆಯ ಜೊತೆ ಎಲ್ಲರ ಮುಂದೂ ಹೊಗೆಯಾಡುವ ಲೋಟ ಬಂತು.

ಶಶಿಧರ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. “ಇದು... ಅದೇನಾ?”

“ಅದೇ. ಮಾವನಿಗೆ ಚೆನ್ನಾಗಿದೆ ಅಂತೆ. ಚೆನ್ನಾಗಿರೋ ಕಾಫಿ ಯಾಕೆ ಬಿಸಾಡ್ಬೇಕು. ಮೂಟೆ ಮುಗಿಯೋವರೆಗೂ ಮನೇಲಿ ಇದೇ.”

ಎಲ್ಲರೂ ಗೌಡರ ಕಡೆ ನೋಡಿದರು. ಗೌಡರು ಲೋಟ ಎತ್ತಿದರು, ಕುಡಿದರು, ಮೀಸೆ ಒರೆಸಿಕೊಂಡರು. “ಹದವಾಗಿದೆ,” ಎಂದರು.

“ಇನ್ನೊಂದು ಲೋಟ?”

“ಹಾಕು.”

ಎರಡನೇ ದಿನದಿಂದ ಶಶಿಧರನಿಗೆ ಪಿತ್ತ ಎಂದು ಬಿಸಿನೀರು. ಕವನಾಳಿಗೆ ಪರೀಕ್ಷೆ ಎಂದು ಹಾಲು. ತುಂಗಮ್ಮ ಜೀರಿಗೆ ಕಷಾಯ ಮಾಡಿಕೊಂಡರು. ಕಾಫಿ ಕುಡಿಯುವವರು ಮಾವ ಸೊಸೆ ಇಬ್ಬರೇ ಉಳಿದರು. ಬೆಳಿಗ್ಗೆ ಆರಕ್ಕೆ, ತಿಂಡಿಗೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ಇಬ್ಬರೂ ಎದುರುಬದುರು. ಗಗನಾ ಒಂದು ಗುಟುಕೂ ಬಿಡುತ್ತಿರಲಿಲ್ಲ. ಮೀನಿನ ಜಿಡ್ಡು ನಾಲಿಗೆಯ ಮೇಲೆ ಪದರ ಕಟ್ಟಿ, ಹಲ್ಲುಜ್ಜಿದರೂ ಹೋಗದೆ, ಅನ್ನಕ್ಕೂ ಅದೇ ರುಚಿ ಹತ್ತುತ್ತಿತ್ತು. ಕುಡಿದ ಮೇಲೆ ಹಿತ್ತಲಿಗೆ ಹೋಗಿ ಹುಣಸೆಹಣ್ಣು ಚೀಪುತ್ತಿದ್ದಳು. ಆದರೂ ಮುಖ ಮಾತ್ರ ಮದುವೆ ಮನೆಯ ಮುಖ.

“ಯಾಕೆ ಈ ಶಿಕ್ಷೆ ಮಾರಾಯ್ತಿ?” ಎಂದ ಶಶಿಧರ್ ಒಮ್ಮೆ. “ಅಪ್ಪಂಗೂ ವಯಸ್ಸಾಯ್ತು.”

“ಕುಡೀಲೇಬೇಕು ಅಂತ ನಾನು ಹೇಳಿದೀನಾ? ಕುಡಿಯಕ್ಕಾಗಲ್ಲ ಅಂದ್ರೆ ಸಾಕು, ಆ ಕ್ಷಣ ನಿಲ್ಲಿಸ್ತೀನಿ.”

“ಅವರು ಅನ್ನಲ್ಲ.”

“ಗೊತ್ತು.”

“ನೀನೂ ಬಿಡಲ್ಲ.”

“ಅದೂ ಗೊತ್ತು. ನೀವು ಯಾರ ಕಡೆ ಅನ್ನೋದು ಮಾತ್ರ ಗೊತ್ತಿಲ್ಲ.”

ಶಶಿಧರ್ ಬಿಸಿನೀರು ಕುಡಿದ.

ಕಪ್ ನೋಡಲು ನೆಂಟರು ಬಂದರು, ಪಕ್ಕದ ತೋಟದವರು ಬಂದರು. ಎಲ್ಲರಿಗೂ ಕಾಫಿ. ಒಬ್ಬರು ಅರ್ಧ ಲೋಟವನ್ನು ಕ್ರೋಟನ್ ಗಿಡದ ಕುಂಡಕ್ಕೆ ಸುರಿದದ್ದನ್ನು ಕವನಾ ನೋಡಿದಳು. ಪಕ್ಕದ ತೋಟದ ಗಿರಿಜಾಂಬಾ ಎನ್ನುವವರು ಬಾಯಿಬಿಟ್ಟೇ ಕೇಳಿದರು, “ಇದೇನು ಗೌಡ್ರೆ, ಲೋಟ ಮೀನಿನ ಪಾತ್ರೆ ಜೊತೆ ತೊಳೆದ್ರಾ?”

ಗೌಡರು ಬಾಯಿ ತೆರೆಯುವ ಮೊದಲೇ ತುಂಗಮ್ಮ ಹೇಳಿದರು: “ನಮ್ಮನೇಲಿ ಈಗ ಮೀನೇ ತರಲ್ಲಮ್ಮ.”

ನೆಂಟರು ಬರುವುದು ಕಡಿಮೆಯಾಯಿತು. ಗೌಡರು ಇಳಿದರು; ಕೆನ್ನೆ ಒಳಕ್ಕೆ ಹೋಯಿತು. ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದರು. ಲೋಟ ಕಂಡರೆ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಆದರೂ ಎತ್ತುತ್ತಿದ್ದರು, ಕುಡಿಯುತ್ತಿದ್ದರು, ಮೀಸೆ ಒರೆಸಿಕೊಳ್ಳುತ್ತಿದ್ದರು. ಅದನ್ನು ನೋಡುವಾಗ ಗಗನಾಳಿಗೆ ಅವರ ಮೇಲೆ ಬಂದಷ್ಟೇ ಹೇಸಿಗೆ ತನ್ನ ಮೇಲೂ ಬರತೊಡಗಿತು.

ಹದಿನೇಳನೇ ದಿನ ಬೆಳಿಗ್ಗೆ ಆರಕ್ಕೆ ಅವಳು ಡಿಕಾಕ್ಷನ್ ಇಳಿಸಲು ನೀರಿಡುತ್ತಿದ್ದಾಗ ಗೌಡರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಒಂದು ಸಣ್ಣ ಪೊಟ್ಟಣ. ದಾಸಯ್ಯನನ್ನು ಹಿಂದಿನ ಸಂಜೆಯೇ ಗೋಣಿಬೀಡಿಗೆ ಕಳಿಸಿ ತರಿಸಿದ್ದು. ಒಲೆಯ ಪಕ್ಕ ಕೂತಿದ್ದ ತುಂಗಮ್ಮನವರ ಕಡೆ ಚಾಚಿದರು.

“ಇದನ್ನ ಸ್ವಲ್ಪ ಕುದಿಸಿ ಕೊಡು.”

“ಅಡುಗೆಮನೆ ಅವಳದ್ದು,” ಎಂದರು ತುಂಗಮ್ಮ. “ಅವಳನ್ನೇ ಕೇಳಿ.”

ಗೌಡರು ಸೊಸೆಯ ಕಡೆ ತಿರುಗಿದರು.

“ಏನು ಮಾವ ಇದು?”

“ಟೀ ಪುಡಿ.”

ಮೂರು ತಲೆಮಾರು ಕಾಫಿ ಬೆಳೆದ ಮನೆ. ಗಗನಾ ಒಲೆಯ ಉರಿ ತಗ್ಗಿಸಿದಳು.

“ಯಾಕೆ? ಕಾಫಿ ಚೆನ್ನಾಗಿಲ್ವಾ?”

ಗೌಡರು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

“ಚೆನ್ನಾಗಿಲ್ಲ.”

“ಏನಾಗಿದೆ?”

“ಮೀನು ನಾರುತ್ತೆ.”

“ಯಾವತ್ತಿನಿಂದ?”

“ಆ ಓಂಕಾರಪ್ಪನ ಹತ್ರ ಕುಡಿದಾಗಿನಿಂದ.” ಗಂಟಲು ಸರಿಮಾಡಿಕೊಂಡರು. “ನಿನ್ನ ಕಾಫಿ ಫೇಲಾಗ್ಲಿಲ್ಲ. ನಾನು ಫೇಲು ಮಾಡಿದೆ. ಮುಂದಿನ ಫಸಲು ನೀನೇ ನೋಡ್ಕೋ. ಮೇಲಿಂದು, ಕೆಳಗಿಂದು, ಎಲ್ಲ. ಪಲ್ಪರಿಗೆ ಶಶಿ ಹತ್ರ ಹೇಳಿದೀನಿ.”

ಗಗನಾ ಕೈ ಚಾಚಿ ಪೊಟ್ಟಣ ಇಸಿದುಕೊಂಡಳು. ಗೌಡರ ಉಗುರುಗಳ ಸಂದಿಯಲ್ಲಿ ಇನ್ನೂ ಕಪ್ಪು ಜಿಡ್ಡು ಕೂತಿತ್ತು. ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಕಾಫಿ ಡಬ್ಬಿಯ ಮುಚ್ಚಳ ಮುಚ್ಚಿ ಹಿತ್ತಲ ಬಾಗಿಲ ಕಡೆಗೆ ಸರಿಸಿದಳು. ಟೀ ಕುದಿಸಿ, ಹಾಲು ಸಕ್ಕರೆ ಹಾಕಿ, ಸೋಸಿ, ಎರಡು ಲೋಟ ಮಾಡಿ ಒಂದನ್ನು ಮಾವನ ಮುಂದಿಟ್ಟಳು.

ಗೌಡರು ಆತುರದಿಂದ ಎತ್ತಿ ದೊಡ್ಡ ಗುಟುಕು ಕುಡಿದರು. ಮುಖ ಹುಳ್ಳಗಾಯಿತು.

“ಇದೂ ಕೆಟ್ಟದಾಗಿದೆಯಲ್ಲ,” ಎಂದರು.

ಗಗನಾ ತನ್ನ ಲೋಟದಿಂದ ಒಂದು ಗುಟುಕು ಕುಡಿದು ನೋಡಿದಳು.

“ಇಲ್ಲ ಮಾವ,” ಎಂದಳು. “ಇದು ಇರೋದೇ ಹೀಗೆ.”